ಮುಹರು ಒತ್ತಿಸಿಕೊಳ್ಳದೆ ಕೌಂಟರ್ ಬಿಡಬೇಡಿ

(ಮುಂಬಯಿಯ ಕನ್ನಡ ಸಂಘವೊಂದರ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಅಂಗವೈಕಲ್ಯ ಇರುವವರಿಗೆ ಸರಕಾರ ಕೊಡುವ ಮಾಸಿಕ ನೆರವಿನ ಬಗ್ಗೆ ಮಾತಾಡಬೇಕೆಂದು ಸಂಘದವರು ಕೇಳಿದಾಗ, ಯೋಜನೆಗಳ ಪಟ್ಟಿ ಓದಿ ಹೇಳುವುದಿಲ್ಲ ಎಂದಿದ್ದೆ. ಪಟ್ಟಿ ತಹಶೀಲ್ದಾರ್ ಕಚೇರಿಯ ಗೋಡೆಯ ಮೇಲೂ ಇರುತ್ತದೆ. ಅದನ್ನು ಓದಿಯೂ ನಮ್ಮವರು ಬರಿಗೈಯಲ್ಲಿ ವಾಪಸ್ ಬರುತ್ತಾರಲ್ಲ, ಅದು ಯಾಕೆ ಎನ್ನುವುದನ್ನು ಇವತ್ತು ನೋಡೋಣ.

ಹಣ ಸಿಗದೆ ಉಳಿದ ಕನ್ನಡದ ಮನೆಗಳನ್ನು ನಾನು ಧಾರಾವಿಯಲ್ಲೂ ನೋಡಿದ್ದೇನೆ, ಘಾಟ್‌ಕೋಪರ್‌ನಲ್ಲೂ ನೋಡಿದ್ದೇನೆ. ಅವರಲ್ಲಿ ಹೆಚ್ಚಿನವರ ಅರ್ಜಿ ತಿರಸ್ಕಾರ ಆದದ್ದಲ್ಲ. ತಿರಸ್ಕರಿಸಲಿಕ್ಕೆ ಅರ್ಜಿಯೇ ಇರಲಿಲ್ಲ. ಯಾರೋ ಕೌಂಟರಿನಲ್ಲಿ ಕುಳಿತವರು "ನಿಮಗೆ ಬರುವುದಿಲ್ಲ" ಎಂದರು, ಇವರು ಕಾಗದದ ಕಟ್ಟು ಮಡಚಿಕೊಂಡು ಬಂದರು. ಕಚೇರಿಯ ಪುಸ್ತಕದಲ್ಲಿ ಇವರು ಬಂದು ಹೋದ ಗುರುತೂ ಇಲ್ಲ. ಬಾಯಲ್ಲಿ ಹೇಳಿದ "ಇಲ್ಲ"ಕ್ಕೆ ಅಪೀಲು ಮಾಡಲು ಬರುವುದಿಲ್ಲ. ಬರವಣಿಗೆಯಲ್ಲಿ ಕೊಟ್ಟ "ಇಲ್ಲ"ಕ್ಕೆ ಬರುತ್ತದೆ. ಇವತ್ತು ನಾನು ಹೇಳುವುದರಲ್ಲಿ ಬೇರೆಲ್ಲ ಮರೆತರೂ ಇದೊಂದನ್ನು ಮನೆಗೆ ಕೊಂಡೊಯ್ಯಿರಿ.

ಮೊದಲು, ಯಾರು ಅರ್ಹರು? ನಮ್ಮ ಜನರ ಮನಸ್ಸಿನಲ್ಲಿ ಅಂಗವಿಕಲರು ಅಂದರೆ ಕೈ ಇಲ್ಲದವರು, ಕಾಲು ಇಲ್ಲದವರು, ಕಣ್ಣು ಕಾಣದವರು, ಕಿವಿ ಕೇಳದವರು. 1995ರ ಹಳೆಯ ಕಾಯ್ದೆಯಲ್ಲಿ ಏಳೇ ಬಗೆ ಇತ್ತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅದನ್ನು 21ಕ್ಕೆ ಏರಿಸಿತು. ಪಾರ್ಕಿನ್‌ಸನ್ಸ್ ಅದರಲ್ಲಿದೆ. ಮಾನಸಿಕ ಕಾಯಿಲೆ ಇದೆ, ಆಟಿಸಂ ಇದೆ, ಥಲಸೀಮಿಯಾ, ಹಿಮೋಫಿಲಿಯಾ, ಸಿಕಲ್ ಸೆಲ್ ಇದೆ, ಮಲ್ಟಿಪಲ್ ಸ್ಕ್ಲೆರೋಸಿಸ್ ಇದೆ, ಕುಷ್ಠದಿಂದ ಗುಣವಾದವರು, ಆಸಿಡ್ ದಾಳಿಗೆ ಒಳಗಾದವರು ಇದ್ದಾರೆ. 2011ರ ಜನಗಣತಿ ದೇಶದಲ್ಲಿ 2.68 ಕೋಟಿ ಅಂಗವಿಕಲರನ್ನು ಎಣಿಸಿತು, ಅದರಲ್ಲಿ ಮಹಾರಾಷ್ಟ್ರದವರು 29 ಲಕ್ಷಕ್ಕೂ ಹೆಚ್ಚು. ಆ ಎಣಿಕೆ ನಡೆದದ್ದು ಹೊಸ ಕಾಯ್ದೆಗೆ ಐದು ವರ್ಷ ಮೊದಲು ಎನ್ನುವುದು ನೆನಪಿರಲಿ.

ಮನೆಯಲ್ಲಿ ಅಪ್ಪನಿಗೆ ಕೈ ನಡುಗುತ್ತದೆ, ಲೋಟ ಹಿಡಿಯಲಾಗುವುದಿಲ್ಲ, "ವಯಸ್ಸಾಯಿತಲ್ಲ" ಎಂದು ಬಿಟ್ಟುಬಿಡುತ್ತೇವೆ. ಅದು ಪಾರ್ಕಿನ್‌ಸನ್ಸ್ ಇದ್ದರೆ ಅಂಗವೈಕಲ್ಯದ ಪ್ರಮಾಣಪತ್ರಕ್ಕೆ ಅರ್ಹ. ಸಕ್ಕರೆ ಕಾಯಿಲೆ ಆ 21ರಲ್ಲಿ ಇಲ್ಲ, ಆದರೆ ಅದರಿಂದಾಗಿ ಪಾದ ತೆಗೆಸಬೇಕಾಗಿ ಬಂದರೆ ಅದು ಚಲನೆಯ ಅಂಗವೈಕಲ್ಯ. ಬುದ್ಧಿಮಾಂದ್ಯತೆ ಸ್ವಲ್ಪವೇ ಇದೆ, ಶಾಲೆಗೆ ಹೋಗುತ್ತಿದ್ದಾನೆ, ಅವನಿಗೇನು ಸರ್ಟಿಫಿಕೇಟ್ ಎನ್ನುವ ತಂದೆತಾಯಿ ಇದ್ದಾರೆ. ಸರಕಾರದ ಮಾಪನದಲ್ಲಿ ಸೌಮ್ಯ ಎಂದು ಕರೆಯುವ ಮಟ್ಟಕ್ಕೇ ಶೇಕಡ 50 ಇದೆ. ಸವಲತ್ತಿಗೆ ಬೇಕಾದದ್ದು ಶೇಕಡ 40.

ಈ ಶೇಕಡಾವಾರಿನ ವಿಷಯದಲ್ಲಿ ಸ್ವಲ್ಪ ನಿಧಾನವಾಗಿ ಹೋಗುತ್ತೇನೆ, ಯಾಕೆಂದರೆ ತುಂಬ ಜನ ಇಲ್ಲೇ ತಪ್ಪಿಹೋಗುತ್ತಾರೆ. ಹೋಟೆಲಿನ ಅಡುಗೆಮನೆಯಲ್ಲಿ ಇಡೀ ಆಯುಷ್ಯ ದುಡಿದ ಒಬ್ಬರ ಸಂಗತಿ ಹೇಳುತ್ತೇನೆ, ಹೆಸರು ಬೇಡ. ಕಾದ ಎಣ್ಣೆ ಸಿಡಿದು ಒಂದು ಕಣ್ಣು ಪೂರ್ತಿ ಹೋಯಿತು. ಇನ್ನೊಂದು ಕಣ್ಣು ಸರಿಯಿದೆ. ಒಂದು ಕಣ್ಣು ಹೋಗಿ ಇನ್ನೊಂದು ಚೆನ್ನಾಗಿದ್ದರೆ ಅದಕ್ಕೆ ಶೇಕಡ 30 ಮಾತ್ರ. ಕೆಲವು ವರ್ಷ ಕಳೆದು ಒದ್ದೆ ನೆಲದಲ್ಲಿ ಜಾರಿ ಬಿದ್ದು ಕಾಲು ಮುರಿಯಿತು, ಸರಿಯಾಗಿ ಕೂಡಲಿಲ್ಲ. ಮೂಳೆ ಡಾಕ್ಟರು ಅದಕ್ಕೂ ಶೇಕಡ 30 ಬರೆದರು. ಎರಡು ಕಾಗದ, ಎರಡರಲ್ಲೂ 30. ಅವರು ಎರಡನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನ ಮಾಡಿ ಇಟ್ಟಿದ್ದರು. ಕೇಳಿದವರೆಲ್ಲ "40 ಆಗಿಲ್ಲ, ಏನೂ ಸಿಗುವುದಿಲ್ಲ" ಎಂದಿದ್ದರು.

ಎರಡು ಬಗೆಯ ತೊಂದರೆ ಒಬ್ಬರಲ್ಲೇ ಇದ್ದರೆ ಎರಡನ್ನೂ ಕೂಡಿಸಿ ಒಂದು ಅಂಕಿ ಕೊಡಬೇಕು ಎಂದು ಕೇಂದ್ರ ಸರಕಾರದ ಮಾರ್ಗಸೂಚಿ ಹೇಳುತ್ತದೆ. ಕೂಡಿಸುವ ಸೂತ್ರವೂ ಅದರಲ್ಲೇ ಇದೆ. ದೊಡ್ಡ ಅಂಕಿಯನ್ನು ಹಾಗೇ ಇಟ್ಟುಕೊಳ್ಳಿ. 90ರಿಂದ ಅದನ್ನು ಕಳೆಯಿರಿ. ಉಳಿದದ್ದನ್ನು ಸಣ್ಣ ಅಂಕಿಯಿಂದ ಗುಣಿಸಿ 90ರಿಂದ ಭಾಗಿಸಿ. ಬಂದದ್ದನ್ನು ದೊಡ್ಡ ಅಂಕಿಗೆ ಸೇರಿಸಿ. ಇವರ ಲೆಕ್ಕ ನೋಡಿ: 90ರಲ್ಲಿ 30 ಹೋದರೆ 60. ಅರವತ್ತು ಮೂವತ್ತಲೆ 1800. ಅದನ್ನು 90ರಿಂದ ಭಾಗಿಸಿದರೆ 20. ಮೊದಲಿನ 30ಕ್ಕೆ 20 ಸೇರಿಸಿದರೆ 50. ಆ ಎರಡು ಕಾಗದಗಳನ್ನು ಒಟ್ಟಿಗೆ ಒಬ್ಬ ಅಧಿಕಾರಿಯ ಮುಂದಿಟ್ಟು "ಕೂಡಿಸಿ ಕೊಡಿ" ಎಂದು ಕೇಳುವವರು ಇಲ್ಲದ್ದರಿಂದ ಅವರು ಅಷ್ಟು ವರ್ಷ ಲೆಕ್ಕದ ಹೊರಗೆ ಉಳಿದರು. ಕಿವಿ ಮಂದ, ಮಂಡಿ ಮಡಚುವುದಿಲ್ಲ, ಕಣ್ಣಿನ ದೃಷ್ಟಿ ಕಡಿಮೆ ಎಂದು ಬೇರೆಬೇರೆ ಕಾಗದ ಇರುವವರು ನಿಮ್ಮಲ್ಲೂ ಇರಬಹುದು. ದಯವಿಟ್ಟು ಕೂಡಿಸಿ ನೋಡಿ.

ಪ್ರಮಾಣಪತ್ರಕ್ಕೆ ಕೇಂದ್ರ ಸರಕಾರದ ಸ್ವಾವಲಂಬನ ಪೋರ್ಟಲ್‌ನಲ್ಲಿ (ವೆಬ್‌ಸೈಟಿನಲ್ಲಿ) ಅರ್ಜಿ ಹಾಕಬೇಕು. ಅದರ ಜೊತೆಯಲ್ಲೇ ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ಬರುತ್ತದೆ. ಬಿಳಿ ಬಣ್ಣ ಬಂದರೆ 40ಕ್ಕಿಂತ ಕಡಿಮೆ, ಹಳದಿ ಬಂದರೆ 40ರಿಂದ 80ರೊಳಗೆ, ನೀಲಿ ಬಂದರೆ 80 ಅಥವಾ ಮೇಲೆ. ಆಧಾರ್‌ನಲ್ಲಿ ಉಡುಪಿಯ ವಿಳಾಸ ಇದೆ, ಇರುವುದು ಇಲ್ಲಿ, ಎಲ್ಲಿ ಹೋಗಬೇಕು ಎಂದು ನಮ್ಮವರು ಯಾವಾಗಲೂ ಕೇಳುತ್ತಾರೆ. ನಿಯಮದಲ್ಲಿ ಎರಡು ದಾರಿ ಇದೆ: ವಿಳಾಸದ ಜಿಲ್ಲೆಯ ಆಸ್ಪತ್ರೆ, ಇಲ್ಲವೇ ನೀವು ಚಿಕಿತ್ಸೆ ಪಡೆಯುತ್ತಿರುವ ಸರಕಾರಿ ಆಸ್ಪತ್ರೆ. ಕೆಇಎಂನಲ್ಲೋ ಸಾಯನ್ ಆಸ್ಪತ್ರೆಯಲ್ಲೋ ಜೆಜೆಯಲ್ಲೋ ನಿಮ್ಮ ಕೇಸ್ ಪೇಪರ್ ಇದ್ದರೆ ಅದನ್ನು ಬಿಸಾಡಬೇಡಿ. ಇನ್ನು ಊರಿನಿಂದಲೇ ಪ್ರಮಾಣಪತ್ರ ಮಾಡಿಸಿಕೊಂಡು ಬಂದವರಿಗೆ "ಇದು ಕರ್ನಾಟಕದ್ದು, ಇಲ್ಲಿ ನಡೆಯುವುದಿಲ್ಲ" ಎಂದು ಹೇಳಿ ಕಳಿಸುತ್ತಾರೆ. ಕಾಯ್ದೆಯ 58ನೇ ಕಲಂ ಪ್ರಕಾರ ಅಂಗವೈಕಲ್ಯದ ಪ್ರಮಾಣಪತ್ರ ದೇಶದಲ್ಲೆಲ್ಲ ನಡೆಯುತ್ತದೆ. ಕಲಬುರಗಿಯ ಜಿಲ್ಲಾ ಆಸ್ಪತ್ರೆ ಕೊಟ್ಟದ್ದು ಚೆಂಬೂರಿನಲ್ಲಿ ಅಮಾನ್ಯ ಆಗುವುದಿಲ್ಲ. ಶೇಕಡಾವಾರು ಕಡಿಮೆ ಬರೆದಿದ್ದಾರೆ ಅನಿಸಿದರೆ 59ನೇ ಕಲಂನಲ್ಲಿ ಅಪೀಲಿಗೆ ದಾರಿ ಇದೆ. ಕೊಡುವುದೇ ಇಲ್ಲ ಎಂದಾದರೆ ಕಾರಣವನ್ನು ಬರೆದೇ ಕೊಡಬೇಕು, ಅದಕ್ಕೆಂದೇ ನಿಯಮದಲ್ಲಿ ಪ್ರತ್ಯೇಕ ನಮೂನೆ ಇದೆ.

ತಪಾಸಣೆಯ ದಿನದ ಬಗ್ಗೆ ಒಂದು ಮಾತು ಹೇಳಲೇಬೇಕು. ಬೌದ್ಧಿಕ ಅಂಗವೈಕಲ್ಯ ಇರುವ ಒಬ್ಬ ಯುವಕನ ಜೊತೆ ಅವನ ತಾಯಿ ಬಂದಿದ್ದರು. ಇಸ್ತ್ರಿ ಮಾಡಿದ ಅಂಗಿ, ಬೈತಲೆ ತೆಗೆದ ಕೂದಲು. ಡಾಕ್ಟರು ಕೇಳಿದರು, "ಬಟ್ಟೆ ತಾನೇ ಹಾಕಿಕೊಳ್ಳುತ್ತಾನಾ?" ತಾಯಿ ತಕ್ಷಣ, "ಹೌದು ಸಾಹೇಬ್ರೆ, ಎಲ್ಲಾ ಮಾಡ್ಕೊಳ್ತಾನೆ" ಎಂದರು. ಹಾಗೆ ಹೇಳುತ್ತಿರುವಾಗಲೇ ಅವರ ಕೈ ಮಗನ ಅಂಗಿಯ ಮೇಲಿನ ಗುಂಡಿಯನ್ನು ಹಾಕುತ್ತಿತ್ತು. ದಿನಾ ಬೆಳಗ್ಗೆ ಗುಂಡಿ ಹಾಕುವುದು, ಸ್ನಾನಕ್ಕೆ ನೀರು ಹದ ಮಾಡುವುದು, ತಟ್ಟೆಯಲ್ಲಿ ಅನ್ನ ಕಲಸಿಡುವುದು ಅವರ ಪಾಲಿಗೆ ಕೆಲಸವಾಗಿಯೇ ಉಳಿದಿರಲಿಲ್ಲ, ಉಸಿರಾಟದಷ್ಟು ರೂಢಿಯಾಗಿಬಿಟ್ಟಿತ್ತು. ಡಾಕ್ಟರಿಗೆ ಮಗನನ್ನು ಹೀನವಾಗಿ ತೋರಿಸಬಾರದು ಎಂಬ ಪ್ರೀತಿಯೂ ಅದರಲ್ಲಿ ಇತ್ತು. ಆ ಪ್ರೀತಿಗೆ ನಾನು ಕೈ ಮುಗಿಯುತ್ತೇನೆ. ಆದರೆ ಆ ಕೋಣೆಯಲ್ಲಿ ಕೇಳುವುದು ನಿಮ್ಮ ಸಹಾಯ ಇಲ್ಲದಿದ್ದರೆ ಏನಾಗುತ್ತದೆ ಎಂದು. ಹೋಗುವ ಹಿಂದಿನ ದಿನ ಕೂತು ಬೆಳಗಿನಿಂದ ರಾತ್ರಿವರೆಗೆ ಅವನಿಗಾಗಿ ಏನೇನು ಮಾಡುತ್ತೀರಿ ಎಂದು ಚೀಟಿಯಲ್ಲಿ ಬರೆಯಿರಿ. ಅದನ್ನು ನೋಡಿಕೊಂಡು ಉತ್ತರ ಹೇಳಿ.

ಈಗ ಹಣದ ವಿಷಯ. ಮಹಾರಾಷ್ಟ್ರದ ಮುಖ್ಯ ಯೋಜನೆ ಸಂಜಯ ಗಾಂಧಿ ನಿರಾಧಾರ ಅನುದಾನ ಯೋಜನೆ. ವಯಸ್ಸು 18ರಿಂದ 65, ಅಂಗವೈಕಲ್ಯ ಕನಿಷ್ಠ ಶೇಕಡ 40, ಮಹಾರಾಷ್ಟ್ರದಲ್ಲಿ 15 ವರ್ಷ ವಾಸ, ಅಂಗವಿಕಲರ ಕುಟುಂಬದ ವಾರ್ಷಿಕ ಆದಾಯ 50 ಸಾವಿರದೊಳಗೆ. ಇದೇ ಯೋಜನೆಯಲ್ಲಿ ವಿಧವೆಯರು, ಕ್ಯಾನ್ಸರ್, ಕ್ಷಯದಂಥ ಕಾಯಿಲೆಯಿಂದ ದುಡಿಯಲಾಗದವರೂ ಬರುತ್ತಾರೆ, ಅವರಿಗೆ ಆದಾಯದ ಮಿತಿ ಇನ್ನೂ ಕೆಳಗೆ, 21 ಸಾವಿರ. 2023ರಲ್ಲಿ ತಿಂಗಳ ಮೊತ್ತ ಸಾವಿರದಿಂದ 1500ಕ್ಕೆ ಏರಿತು. 2025ರ ಸೆಪ್ಟೆಂಬರಿನಲ್ಲಿ ಸಚಿವ ಸಂಪುಟ ಅಂಗವಿಕಲರಿಗೆ ಅದನ್ನು 2500 ಮಾಡಲು ನಿರ್ಧರಿಸಿತು. 65 ದಾಟಿದವರಿಗೆ ಶ್ರಾವಣಬಾಳ ಯೋಜನೆ ಇದೆ.

ಕೇಂದ್ರದ ಇಂದಿರಾ ಗಾಂಧಿ ಅಂಗವಿಕಲ ಪಿಂಚಣಿಗೆ ಶೇಕಡ 80 ಅಂಗವೈಕಲ್ಯ ಬೇಕು, ಬಡತನ ರೇಖೆಯ ಪಟ್ಟಿಯಲ್ಲಿ ಹೆಸರು ಬೇಕು. ಅದರಲ್ಲಿ ಕೇಂದ್ರದ ಪಾಲು ತಿಂಗಳಿಗೆ 300 ರೂಪಾಯಿ. 2012ರಲ್ಲಿ 200ರಿಂದ 300 ಆದದ್ದು ಅಲ್ಲೇ ನಿಂತಿದೆ. ಹಾಲು, ಗ್ಯಾಸು, ಬಾಡಿಗೆ ಎಲ್ಲವೂ ಎಲ್ಲಿಂದ ಎಲ್ಲಿಗೆ ಹೋದವು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಹಾಗೆಯೇ 50 ಸಾವಿರದ ಮಿತಿ. ತಿಂಗಳಿಗೆ ನಾಲ್ಕು ಸಾವಿರ ಚಿಲ್ಲರೆ. ಮುಂಬಯಿಯಲ್ಲಿ ಒಬ್ಬರು ಪಾತ್ರೆ ತೊಳೆದು ಗಳಿಸಿದರೂ ಇದನ್ನು ದಾಟುತ್ತಾರೆ. ಬೇರೆಯವರಿಗೆ ಇರುವ ಅಂಥದ್ದೇ ಯೋಜನೆಗಿಂತ ಅಂಗವಿಕಲರಿಗೆ ಕನಿಷ್ಠ ಶೇಕಡ 25 ಹೆಚ್ಚು ನೆರವು ಇರಬೇಕು ಎಂದು 2016ರ ಕಾಯ್ದೆಯ 24ನೇ ಕಲಂ ಹೇಳುತ್ತದೆ. ಮೊತ್ತ ಹೆಚ್ಚಿದರೂ ಬಾಗಿಲು ಇಷ್ಟು ಕಿರಿದಾಗಿದ್ದರೆ ಒಳಗೆ ಹೋಗುವವರು ಯಾರು? ಆದಾಯ ಮಿತಿಯನ್ನು ಏರಿಸಬೇಕೆಂದು ನಮ್ಮ ಸಂಘಗಳೆಲ್ಲ ಸೇರಿ ಸರಕಾರಕ್ಕೆ ಮನವಿ ಕೊಡಬೇಕು. ಸನ್ಮಾನ ಸಮಾರಂಭಗಳಿಗೆ ಮಂತ್ರಿಗಳನ್ನು ಕರೆಯುತ್ತೇವಲ್ಲ, ಆ ವೇದಿಕೆಯಲ್ಲಿ ಶಾಲಿನ ಜೊತೆ ಈ ಮನವಿಯನ್ನೂ ಅವರ ಕೈಗಿಡೋಣ.

ಮುಂಬಯಿ ಮಹಾನಗರಪಾಲಿಕೆಯದ್ದು ಬೇರೆ ಇದೆ, ಧರ್ಮವೀರ ಆನಂದ ದಿಘೆ ಅವರ ಹೆಸರಿನ ಯೋಜನೆ. ಹಳದಿ ಕಾರ್ಡಿಗೆ ತಿಂಗಳಿಗೆ ಸಾವಿರ, ನೀಲಿ ಕಾರ್ಡಿಗೆ ಮೂರು ಸಾವಿರದ ಲೆಕ್ಕದಲ್ಲಿ ಆರು ತಿಂಗಳಿಗೊಮ್ಮೆ ಕೊಡುವಂಥದ್ದು. ನಿಮ್ಮ ವಾರ್ಡ್ ಕಚೇರಿಯಲ್ಲಿ ವಿಚಾರಿಸಿ. ಇದು ಪಾಲಿಕೆಯ ಗಡಿಯೊಳಗೆ ಇರುವವರಿಗೆ. ಠಾಣೆ, ಡೊಂಬಿವಲಿಯಿಂದ ಬಂದವರು ನಿಮ್ಮ ನಿಮ್ಮ ಪಾಲಿಕೆಯಲ್ಲಿ ಏನಿದೆ ಕೇಳಬೇಕು.

ನಮ್ಮವರಿಗೆ ಎಲ್ಲಕ್ಕಿಂತ ಗಟ್ಟಿಯಾದ ಬೀಗ ಅಂದರೆ ಆ 15 ವರ್ಷ ವಾಸದ ಪುರಾವೆ. ಇಪ್ಪತ್ತೈದು, ಮೂವತ್ತು ವರ್ಷ ಇಲ್ಲಿ ದುಡಿದಿರುತ್ತಾರೆ, ಒಂದು ಚೀಟಿಯೂ ಇರುವುದಿಲ್ಲ. ಹೋಟೆಲಿನಲ್ಲೇ ಕೆಲಸ, ಹೋಟೆಲಿನಲ್ಲೇ ಊಟ, ರಾತ್ರಿ ಅಲ್ಲೇ ಬೆಂಚು ಜೋಡಿಸಿ ನಿದ್ದೆ. ಬಾಡಿಗೆ ಕರಾರು ಎಲ್ಲಿಂದ ಬರಬೇಕು? ಯಾದಗಿರಿ, ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರದು ಇನ್ನೂ ಕಷ್ಟ, ಕಟ್ಟಡ ಮುಗಿದಂತೆ ಗುಡಿಸಲೂ ಬದಲಾಗುತ್ತದೆ. ರೇಷನ್ ಕಾರ್ಡು ಊರಲ್ಲಿ, ವೋಟು ಊರಲ್ಲಿ.

ಹಾಗಾದರೆ ಹುಡುಕುವುದು ಎಲ್ಲಿ? ಇಲ್ಲಿ ಒಂದು ವಿಷಯ ಹೇಳುತ್ತೇನೆ. ಮುಂಬಯಿಯಲ್ಲಿ ಹೋಟೆಲಿನ ಹುಡುಗರಿಗಾಗಿ ಕನ್ನಡ ರಾತ್ರಿ ಶಾಲೆಗಳು ನಡೆದವು. ಪಾಲಿಕೆಯ ಕನ್ನಡ ಶಾಲೆಗಳು ಇದ್ದವು, ಇವೆ. ಹಗಲು ಟೇಬಲ್ ಒರೆಸಿ ರಾತ್ರಿ ಪಾಟಿ ಹಿಡಿದು ಕೂತವರ ತಲೆಮಾರು ಈಗ ಐವತ್ತು ಅರವತ್ತರಲ್ಲಿದೆ. ಶಾಲೆಯಲ್ಲಿ ಎರಡೇ ವರ್ಷ ಓದಿರಲಿ, ಅಲ್ಲಿನ ಶಾಲೆ ಬಿಟ್ಟ ಪ್ರಮಾಣಪತ್ರ ನೀವು ಆ ವರ್ಷ ಈ ನಗರದಲ್ಲಿ ಇದ್ದಿರಿ ಎನ್ನುವುದಕ್ಕೆ ಸಾಕ್ಷಿ. ಶಾಲೆ ಮುಚ್ಚಿದ್ದರೆ ಅದನ್ನು ನಡೆಸುತ್ತಿದ್ದ ಸಂಸ್ಥೆಯಲ್ಲಿ ರಿಜಿಸ್ಟರ್ ಎಲ್ಲಿದೆ ಎಂದು ಕೇಳಿ. ಅಕ್ಷರ ಕೊಟ್ಟ ಶಾಲೆ ಈಗ ಪಿಂಚಣಿಗೂ ನೆರವಾಗಬಹುದು. ಮಕ್ಕಳು ಇಲ್ಲೇ ಓದಿದ್ದರೆ ಅವರ ಶಾಲೆಯ ದಾಖಲೆ, ಆಸ್ಪತ್ರೆಯ ಹಳೆಯ ಕೇಸ್ ಪೇಪರ್, ಬ್ಯಾಂಕ್ ಪಾಸ್‌ಬುಕ್ಕು, ಪಿಎಫ್ ಚೀಟಿ, ವಿದ್ಯುತ್ ಬಿಲ್ಲು ಯಾವುದನ್ನೂ ಬಿಡಬೇಡಿ. ವರ್ಷಕ್ಕೆ ಒಂದು ಕಾಗದ ಎಂಬ ಲೆಕ್ಕದಲ್ಲಿ ಹದಿನೈದು ವರ್ಷವನ್ನು ಸಾಲಾಗಿ ಜೋಡಿಸಿ. ನಡುವೆ ಯಾವ ವರ್ಷ ಖಾಲಿ ಇದೆ ಎಂದು ಆಗ ಗೊತ್ತಾಗುತ್ತದೆ, ಹುಡುಕಾಟ ಆ ವರ್ಷದ್ದಷ್ಟೇ ಉಳಿಯುತ್ತದೆ.

ಹೋಟೆಲಿನ ಮಾಲಕರು ಇಲ್ಲಿ ಕೆಲವರು ಕೂತಿದ್ದೀರಿ, ನಿಮ್ಮಲ್ಲಿ ಕೈ ಜೋಡಿಸಿ ಕೇಳುತ್ತೇನೆ. ನಿಮ್ಮಲ್ಲಿ ಕೆಲಸ ಮಾಡುವವರ ಹೆಸರನ್ನು ಮಸ್ಟರ್‌ನಲ್ಲಿ ಬರೆಯಿರಿ, ಸಂಬಳದ ಚೀಟಿ ಕೊಡಿ. ಅವರ ಕೈಯೋ ಕಾಲೋ ಹೋದ ದಿನ ಅವರಿಗೆ ಬೇಕಾಗುವ ಮೊದಲ ಕಾಗದ ಅದು.

ಊರಲ್ಲಿ ಕರ್ನಾಟಕದ ಅಂಗವಿಕಲ ಪಿಂಚಣಿ ಬರುತ್ತಿದ್ದರೆ ಇಲ್ಲಿಯೂ ತೆಗೆದುಕೊಳ್ಳುವಂತಿಲ್ಲ. ಯಾವುದಾದರೂ ಒಂದು. ಮುಚ್ಚಿಟ್ಟರೆ ಆಧಾರ್‌ನಿಂದ ಗೊತ್ತಾಗುತ್ತದೆ, ತೆಗೆದುಕೊಂಡದ್ದನ್ನು ವಾಪಸ್ ಕಟ್ಟಬೇಕಾಗುತ್ತದೆ. ಹದಿನೈದು ವರ್ಷ ಆಗದವರು ಊರಿನದ್ದನ್ನೇ ಉಳಿಸಿಕೊಳ್ಳಿ. ಯುಡಿಐಡಿ ಕಾರ್ಡಿಗೆ ಮಾತ್ರ ಹದಿನೈದು ವರ್ಷದ ಷರತ್ತು ಇಲ್ಲ. ಮಹಾರಾಷ್ಟ್ರದ ಎಸ್‌ಟಿ, ಅಂದರೆ ಸರಕಾರಿ ಸಾರಿಗೆ ಬಸ್ಸಿನಲ್ಲಿ ಅಂಗವಿಕಲರಿಗೆ ಟಿಕೆಟಿನಲ್ಲಿ ಶೇಕಡ 75 ರಿಯಾಯಿತಿ ಇದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹು ಅಂಗವೈಕಲ್ಯ ಇರುವವರಿಗೆ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ ಇದೆ, ವರ್ಷಕ್ಕೆ ಒಂದು ಲಕ್ಷದವರೆಗೆ. ಅದು ಕೇಂದ್ರದ್ದು.

ಈಗ ಕೌಂಟರಿಗೆ ಬರೋಣ. ಮುಂಬಯಿ ಉಪನಗರ ಜಿಲ್ಲೆಯಲ್ಲಿ ಅಂಧೇರಿ, ಬೋರಿವಲಿ, ಕುರ್ಲಾ ಎಂದು ಮೂರು ತಾಲೂಕು. ಯಾವ ತಾಲೂಕು ನಿಮ್ಮದು ಎಂದು ಮೊದಲೇ ತಿಳಿದುಕೊಂಡು ಹೋಗಿ, ತಹಶೀಲ್ದಾರ್ ಕಚೇರಿಯ ಸಂಜಯ ಗಾಂಧಿ ವಿಭಾಗದಲ್ಲಿ ಅರ್ಜಿ ಕೊಡಬೇಕು. ಎರಡು ಪ್ರತಿ ಇರಲಿ. ಒಂದು ಅವರಿಗೆ, ಇನ್ನೊಂದರ ಮೇಲೆ ತಾರೀಕು ಸಮೇತ ಮುಹರು ನಿಮಗೆ. ಮರಾಠಿ ಬರುವುದಿಲ್ಲ ಎಂದು ಹೆದರುವವರು ಎರಡೇ ವಾಕ್ಯ ಕಲಿಯಿರಿ. "ಅರ್ಜ್ ಘ್ಯಾ, ಪೋಚ್ ದ್ಯಾ": ಅರ್ಜಿ ತೆಗೆದುಕೊಳ್ಳಿ, ಸ್ವೀಕೃತಿ ಕೊಡಿ. "ನಾಹೀ ಮ್ಹಣತ್ ಅಸಾಲ್ ತರ್ ಲೇಖೀ ದ್ಯಾ": ಇಲ್ಲ ಎನ್ನುವುದಾದರೆ ಬರೆದು ಕೊಡಿ. ಸಿಟ್ಟಿನಿಂದ ಹೇಳಬೇಕಾಗಿಲ್ಲ. ಆ ಕುರ್ಚಿಯಲ್ಲಿ ಕೂತವರ ಮುಂದೆಯೂ ಫೈಲಿನ ರಾಶಿ ಇರುತ್ತದೆ. ಆದರೆ ಹೇಳಿದ ಮೇಲೆ ಅಲ್ಲೇ ನಿಲ್ಲಿ.

ಆದಾಯದ ದಾಖಲೆ, ವಾಸದ ದಾಖಲೆಗಳಿಗೆ ನಿಮ್ಮ ಬೆನ್ನಿಗೆ ಇನ್ನೊಂದು ಕಾನೂನು ಇದೆ, 2015ರ ಮಹಾರಾಷ್ಟ್ರ ಲೋಕಸೇವಾ ಹಕ್ಕು ಕಾಯ್ದೆ. ಅಧಿಸೂಚನೆ ಆದ ಸೇವೆಗೆ ಗಡುವು ಇರುತ್ತದೆ, ಗಡುವು ಮೀರಿದರೆ ಅದೇ ಇಲಾಖೆಯಲ್ಲಿ ಮೊದಲನೆಯ ಅಪೀಲು, ಎರಡನೆಯ ಅಪೀಲು, ಆಮೇಲೆ ಆಯೋಗ. ತಪ್ಪು ಮಾಡಿದ ಅಧಿಕಾರಿಗೆ 500ರಿಂದ 5000 ರೂಪಾಯಿವರೆಗೆ ದಂಡ. ಇದನ್ನೆಲ್ಲ ಉಪಯೋಗಿಸಬೇಕಾದರೆ ನಿಮ್ಮ ಕೈಯಲ್ಲಿ ಆ ಮುಹರಿನ ಪ್ರತಿ ಇರಬೇಕು. ಕಚೇರಿಯ ಹೊರಗೆ "ನಾನು ಮಾಡಿಸಿಕೊಡುತ್ತೇನೆ, ಮೊದಲ ಮೂರು ತಿಂಗಳ ಹಣ ನನಗೆ" ಎನ್ನುವವರು ಸಿಗುತ್ತಾರೆ. ಅವರಿಗೆ ಮೂಲ ಕಾಗದ ಕೊಡಬೇಡಿ, ಬ್ಯಾಂಕಿನ ಪುಸ್ತಕವನ್ನಂತೂ ಮುಟ್ಟಲೂ ಬಿಡಬೇಡಿ.

ಮಂಜೂರಾದ ಮೇಲೂ ಕೆಲಸ ಮುಗಿಯುವುದಿಲ್ಲ. ಹಣ ನೇರ ಖಾತೆಗೆ ಬರುತ್ತದೆ, ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ಎರಡು ಖಾತೆ ಇರುವವರಿಗೆ ಹಣ ಯಾವುದಕ್ಕೆ ಬಿತ್ತು ಎಂದೇ ತಿಳಿಯದೆ "ಬಂದಿಲ್ಲ" ಎನ್ನುವುದುಂಟು, ಎರಡರಲ್ಲೂ ನೋಡಿ. ವರ್ಷಕ್ಕೊಮ್ಮೆ ಹಯಾತಿ ದಾಖಲೆ, ಅಂದರೆ ಬದುಕಿದ್ದೇನೆ ಎಂಬ ಪುರಾವೆ ಕೊಡಬೇಕು. ಅದು ತಪ್ಪಿದರೆ ಹಣ ನಿಲ್ಲುತ್ತದೆ. ಪ್ರಮಾಣಪತ್ರ ತಾತ್ಕಾಲಿಕ ಆಗಿದ್ದರೆ ಅದರ ಮುಕ್ತಾಯದ ತಾರೀಕನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಮೂರು ನಾಲ್ಕು ತಿಂಗಳು ಮೊದಲೇ ನವೀಕರಣಕ್ಕೆ ಓಡಾಡಿ.

ನಾಚಿಕೆಯ ಬಗ್ಗೆಯೂ ಹೇಳಬೇಕು. "ಸರಕಾರದ ದುಡ್ಡು ತಗೊಂಡರೆ ಜನ ಏನಂತಾರೆ, ಮಗಳ ಮದುವೆಗೆ ತೊಂದರೆ ಆಗುತ್ತದೆ" ಎಂದು ಅಂಗವಿಕಲ ಮಗನನ್ನು ಒಳಕೋಣೆಯಲ್ಲೇ ಇಟ್ಟುಕೊಂಡ ಮನೆಗಳು ನಮ್ಮಲ್ಲಿ ಇವೆ. ಆ ಹುಡುಗನಿಗೆ ಸ್ವಂತದ ಒಂದು ಬ್ಯಾಂಕ್ ಖಾತೆ, ತನ್ನ ಫೋಟೋ ಇರುವ ಒಂದು ಕಾರ್ಡು ಸಿಕ್ಕಾಗ ಅವನ ಮುಖ ನೋಡಬೇಕು ನೀವು. ಅದು ಅವನ ಹಕ್ಕಿನ ಹಣ, ಅವನ ಹೆಸರಿನಲ್ಲಿ ಬರುತ್ತದೆ.

ಸಭೆಗೆ ಮೊದಲು ಒಬ್ಬ ತಾಯಿ ಚೀಟಿ ಕೊಟ್ಟಿದ್ದರು: ಗಂಡನಿಗೆ ಹೋಟೆಲಿನಲ್ಲಿ ತಿಂಗಳಿಗೆ ಹನ್ನೆರಡು ಸಾವಿರ, ಮಗಳಿಗೆ ಹತ್ತೊಂಬತ್ತು ವರ್ಷ, ಸೆರೆಬ್ರಲ್ ಪಾಲ್ಸಿ, ಶೇಕಡ 85, ನಮಗೆ ಸಿಗುತ್ತದಾ? ಅಮ್ಮಾ, ವರ್ಷಕ್ಕೆ ಒಂದು ಲಕ್ಷ 44 ಸಾವಿರ ಆಯಿತು, ಸಂಜಯ ಗಾಂಧಿ ಯೋಜನೆಯ ಮಿತಿ ದಾಟುತ್ತದೆ. ಆದಾಯ ಕಡಿಮೆ ಬರೆಸಿಕೊಡುತ್ತೇನೆ ಎಂದು ಯಾರಾದರೂ ಹೇಳಿದರೆ ಬೇಡ ಅನ್ನಿ, ಸುಳ್ಳು ದಾಖಲೆಯ ಭಾರ ನಿಮ್ಮ ಮೇಲೆ ಬೀಳುತ್ತದೆ. ಆದರೆ ಮಗಳಿಗೆ ನೀಲಿ ಕಾರ್ಡು ಬರಬೇಕು. ಅದನ್ನು ಹಿಡಿದು ಪಾಲಿಕೆಯ ಯೋಜನೆಗೆ ಕೇಳೋಣ, ನಿರಾಮಯ ವಿಮೆಗೆ ಅರ್ಜಿ ಹಾಕೋಣ. ಅವಳಿಗೆ ಹದಿನೆಂಟು ದಾಟಿದ್ದರಿಂದ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಪ್ರಕಾರ ಕಾನೂನುಬದ್ಧ ಪಾಲಕತ್ವಕ್ಕೂ ಜಿಲ್ಲೆಯ ಸಮಿತಿಗೆ ಅರ್ಜಿ ಕೊಡಬಹುದು, ಬ್ಯಾಂಕಿನಲ್ಲಿ ಅದು ಬೇಕಾಗಬಹುದು. ಮಗಳ ಹುಟ್ಟಿನ ದಾಖಲೆ, ಆಧಾರ್, ಆಸ್ಪತ್ರೆಯ ಕಾಗದ, ನಾಲ್ಕು ಫೋಟೋ ತೆಗೆದುಕೊಂಡು ಸಭೆ ಮುಗಿದ ಮೇಲೆ ಆ ಮೂಲೆಯ ಮೇಜಿನ ಹತ್ತಿರ ಬನ್ನಿ. ಕಾಗದ ಇವತ್ತು ತಂದಿರದಿದ್ದರೆ ಮುಂದಿನ ವಾರ ಬನ್ನಿ. ಮೂಲ ಪ್ರತಿ ತೋರಿಸಿದರೆ ಸಾಕು, ನಮ್ಮಲ್ಲಿ ಬಿಟ್ಟುಹೋಗುವುದು ಜೆರಾಕ್ಸ್ ಮಾತ್ರ.